ರಿಂಕು ಸಿಂಗ್‌ನ ಎಡಗೈಗೆ ಸಿಕ್ಕ ನಾಲ್ಕು ವರ್ಷ

ಹಣೆಯ ಮೇಲೆ ತ್ರಿಪುಂಡ್ರ, ಕೊರಳಲ್ಲಿ ರುದ್ರಾಕ್ಷಿ, ಪೊದೆಯಂತಹ ಗಡ್ಡ. ಡಬ್ಲ್ಯುಡಬ್ಲ್ಯುಇ ಅಖಾಡದಲ್ಲಿ ಎದುರಾಳಿಯನ್ನು ನೆಲಕ್ಕೆ ಕೆಡವುವ ವೀರ್ ಮಹಾನ್‌ನ ವಿಡಿಯೊವನ್ನು ನಿಮ್ಮಲ್ಲಿ ಬಹಳ ಜನ ನೋಡಿರುತ್ತೀರಿ. ಅವನ ನಿಜವಾದ ಹೆಸರು ರಿಂಕು ಸಿಂಗ್. ಐಪಿಎಲ್‌ನ ಎಡಗೈ ಬ್ಯಾಟರ್ ರಿಂಕು ಸಿಂಗ್ ಬೇರೆ, ಈತ ಬೇರೆ. ಈತ ಒಂದು ಕಾಲದಲ್ಲಿ ಅಮೆರಿಕದ ಮೈನರ್ ಲೀಗ್ ಬೇಸ್‌ಬಾಲ್‌ನ, ಅಂದರೆ ಅತ್ಯುನ್ನತ ಹಂತವಾದ ಮೇಜರ್ ಲೀಗ್‌ಗೆ ಆಟಗಾರರನ್ನು ಪಳಗಿಸುವ ಕೆಳಹಂತಗಳ ಎಡಗೈ ಪಿಚರ್, ಬ್ಯಾಟರ್‌ಗೆ ಚೆಂಡು ಎಸೆಯುವವನು. ಆ ವಿಡಿಯೊ ಹಂಚಿಕೊಳ್ಳುವವರು ಜೊತೆಗೆ ಒಂದು ಸಾಲು ಸೇರಿಸುವುದುಂಟು: ಟಿವಿ ಸ್ಪರ್ಧೆ ಗೆದ್ದು ಒಂದು ಲಕ್ಷ ಡಾಲರ್ ಪಡೆದ ಬಡ ಹುಡುಗ ಎಂದು. ಅಲ್ಲಿಗೆ ಅವರ ಕತೆ ಮುಗಿಯುತ್ತದೆ. ನನಗೆ ಸಂಕಟವಾಗುವುದು ಅಲ್ಲಿಯೇ. ಆ ಹುಡುಗ ಮಾಡಿದ ದೊಡ್ಡ ಕೆಲಸವೆಲ್ಲ ನಡೆದದ್ದು ಸ್ಪರ್ಧೆ ಮುಗಿದ ಮೇಲೆ, ಕ್ಯಾಮೆರಾಗಳು ಹೊರಟುಹೋದ ಮೇಲೆ, 2009ರಿಂದ 2012ರವರೆಗಿನ ನಾಲ್ಕು ಋತುಗಳಲ್ಲಿ. ಅಂತಹ ನಾಲ್ಕು ಋತುಗಳು ಇಂದು ಅವನಂತಹ ಇನ್ನೊಬ್ಬನಿಗೆ ಸಿಗುವುದು ಬಹಳ ಕಷ್ಟ. ಈ ಬರಹ ಅದರ ಬಗ್ಗೆ.

ರಿಂಕು ಉತ್ತರ ಪ್ರದೇಶದ ಭದೋಹಿ ಜಿಲ್ಲೆಯವನು, ಕಾರ್ಪೆಟ್ ನೇಯ್ಗೆಯ ಸೀಮೆಯವನು. ತಂದೆ ಲಾರಿ ಚಾಲಕ. ಹುಡುಗ ಲಖನೌದ ಕ್ರೀಡಾ ಕಾಲೇಜಿನಲ್ಲಿ ಈಟಿ ಎಸೆಯುತ್ತಿದ್ದ. 2008ರಲ್ಲಿ ಮಿಲಿಯನ್ ಡಾಲರ್ ಆರ್ಮ್ ಎಂಬ ಬೇಸ್‌ಬಾಲ್ ಎಸೆತದ ಟಿವಿ ಸ್ಪರ್ಧೆಯಲ್ಲಿ ಸಾವಿರಾರು ಹುಡುಗರ ನಡುವೆ, ಗಂಟೆಗೆ 87 ಮೈಲಿ, ಅಂದರೆ ಸುಮಾರು 140 ಕಿಲೋಮೀಟರ್ ವೇಗದಲ್ಲಿ ಎಸೆದು ಗೆದ್ದ. ಎರಡನೆಯವನಾಗಿ ನಿಂತ ದಿನೇಶ್ ಪಟೇಲ್ ಕೂಡ ಈಟಿ ಎಸೆತಗಾರನೇ.

ಕ್ರಿಕೆಟ್ಟೇ ಉಸಿರಾಗಿರುವ ದೇಶದಲ್ಲಿ ಬೇಸ್‌ಬಾಲ್ ಎಸೆಯಲು ಬೌಲರ್‌ಗಳು ಸಿಗದೆ ಈಟಿಯವರು ಗೆದ್ದದ್ದು ಹೇಗೆ? ಯೋಚಿಸಿದರೆ ಇದರಲ್ಲಿ ಆಶ್ಚರ್ಯಪಡುವಂತಹದ್ದು ಏನೂ ಇಲ್ಲ. ಚಿಕ್ಕಂದಿನಿಂದಲೂ ನಮ್ಮ ಬೌಲರ್‌ಗಳಿಗೆ ಕಲಿಸುವುದು ಮೊಣಕೈ ಬಗ್ಗಿಸಿ ಎಸೆಯಬಾರದೆಂದು. ಚೆಂಡು ಬಿಡುವಾಗ ಮೊಣಕೈ 15 ಡಿಗ್ರಿಗಿಂತ ಹೆಚ್ಚು ನೆಟ್ಟಗಾದರೆ ಆ ಎಸೆತ ಕಾನೂನಿಗೆ ವಿರುದ್ಧ. ಬೇಸ್‌ಬಾಲ್ ಪಿಚರ್‌ನ ಶಕ್ತಿಯೆಲ್ಲ ಇರುವುದು ನಾವು ನಿಷೇಧಿಸಿರುವ ಆ ಚಲನೆಯಲ್ಲಿಯೇ. ಅವನು ಮೊಣಕೈ ಮಡಿಸುತ್ತಾನೆ, ಭುಜವನ್ನು ಹಿಂದಕ್ಕೆ ತಿರುಚುತ್ತಾನೆ, ಸೊಂಟ ಮುಂದೆ ಹೋದ ಮೇಲೆ ಕೈ ಚಾಟಿಯ ಹಾಗೆ ಹಿಂದಿನಿಂದ ಬರುತ್ತದೆ. ಈಟಿ ಎಸೆಯುವವನ ದೇಹಕ್ಕೆ ಈ ಕ್ರಮ ಮೊದಲೇ ಗೊತ್ತಿರುತ್ತದೆ.

ಆದರೆ ವೇಗ ಇದ್ದ ಮಾತ್ರಕ್ಕೆ ಪಿಚರ್ ಆಗುವುದಿಲ್ಲ. ರಿಂಕು ಆವರೆಗೆ ಬೇಸ್‌ಬಾಲ್ ಆಡಿದವನೇ ಅಲ್ಲ. ಎಡಗೈ ಪಿಚರ್ ಏನೇನು ಕಲಿಯಬೇಕು ಎನ್ನುವುದನ್ನು ಸ್ವಲ್ಪ ಹತ್ತಿರದಿಂದ ನೋಡಿ. ದಿಬ್ಬದ ಮೇಲಿನಿಂದ ಬ್ಯಾಟರ್ ಇರುವ ಜಾಗಕ್ಕೆ 60 ಅಡಿ 6 ಇಂಚು. ಮೊದಲ ಬೇಸ್‌ನಲ್ಲಿ, ಅಂದರೆ ರನ್ ಗಳಿಸಲು ಸುತ್ತಿ ಬರಬೇಕಾದ ನಿಲ್ದಾಣಗಳಲ್ಲಿ ಮೊದಲನೆಯದರಲ್ಲಿ, ಎದುರಾಳಿ ತಂಡದ ಓಟಗಾರ ಮುಂದಕ್ಕೆ ಓಡಲು ಕಾದು ನಿಂತಿದ್ದಾನೆ. ಬಲಗೈ ಪಿಚರ್ ಆದರೆ ಆ ಓಟಗಾರ ಅವನ ಬೆನ್ನ ಹಿಂದೆ ಇರುತ್ತಾನೆ. ಎಡಗೈಯವನಿಗೆ ಕಣ್ಣೆದುರೇ ಇರುತ್ತಾನೆ. ಎಡಗೈಯವನು ಬಲಗಾಲು ಎತ್ತುತ್ತಾನೆ. ಆ ಕಾಲು ಮುಂದೆ ಬ್ಯಾಟರ್ ಕಡೆಗೆ ಹೋಗುತ್ತದೆಯೋ, ಮೊದಲ ಬೇಸ್ ಕಡೆಗೆ ತಿರುಗುತ್ತದೆಯೋ ಎನ್ನುವುದು ಓಟಗಾರನಿಗೆ ಕೊನೆಯ ಕ್ಷಣದವರೆಗೆ ತಿಳಿಯಬಾರದು. ಕಾಲನ್ನು ದಿಬ್ಬದ ಮೇಲಿನ ರಬ್ಬರ್ ಪಟ್ಟಿಯ ಹಿಂಬದಿಯ ಅಂಚು ದಾಟಿಸಿಬಿಟ್ಟರೆ ಮೊದಲ ಬೇಸ್‌ಗೆ ಎಸೆಯುವಂತಿಲ್ಲ. ನಿಯಮ ತಪ್ಪಿದರೆ ಓಟಗಾರನಿಗೆ ಒಂದು ಬೇಸ್ ಪುಕ್ಕಟೆ. ಕಣ್ಣು ಓಟಗಾರನ ಮೇಲೆ, ಮನಸ್ಸು ಬ್ಯಾಟರ್ ಹಿಂದೆ ಕುಳಿತು ಚೆಂಡು ಹಿಡಿಯುವ ಕ್ಯಾಚರ್ ಬೆರಳುಗಳಲ್ಲಿ ತೋರಿಸಿದ ಸನ್ನೆಯ ಮೇಲೆ, ಗ್ಲೌಸ್ ಒಳಗೆ ಬೆರಳು ಚೆಂಡಿನ ಹೊಲಿಗೆಯನ್ನು ಹುಡುಕುತ್ತಿರುತ್ತದೆ. ಅಮೆರಿಕದ ಹುಡುಗ ಇದನ್ನೆಲ್ಲ ಹತ್ತು ಹನ್ನೆರಡನೆಯ ವಯಸ್ಸಿನಿಂದ ಕಲಿತಿರುತ್ತಾನೆ. ರಿಂಕು ಕಲಿಯಲು ಆರಂಭಿಸಿದ್ದು ಇಪ್ಪತ್ತರ ಹೊಸ್ತಿಲಲ್ಲಿ, ಇಂಗ್ಲಿಷ್ ಭಾಷೆಯ ಜೊತೆಜೊತೆಗೆ.

ಅವನಿಗೆ ಸಿಕ್ಕ ಗುರು ಟಾಮ್ ಹೌಸ್. ಅವರ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಹೌಸ್ ಸ್ವತಃ ಎಡಗೈ ಪಿಚರ್. 1974ರ ಏಪ್ರಿಲ್ 8ರಂದು ದಿಗ್ಗಜ ಬ್ಯಾಟರ್ ಹ್ಯಾಂಕ್ ಆರನ್ ತಮ್ಮ 715ನೇ ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್‌ನಂತಹ ಹೊಡೆತ) ಹೊಡೆದು ಹಿಂದಿನ ದಿಗ್ಗಜ ಬೇಬ್ ರೂತ್ ದಾಖಲೆ ಮುರಿದಾಗ, ಪಿಚರ್‌ಗಳು ಸಿದ್ಧರಾಗುವ ಬುಲ್‌ಪೆನ್‌ನಲ್ಲಿ ನಿಂತು ಆ ಚೆಂಡನ್ನು ಹಿಡಿದವರು ಇವರೇ. ಮುಂದೆ ಟೆಕ್ಸಸ್ ರೇಂಜರ್ಸ್ ತಂಡದ ಪಿಚಿಂಗ್ ಕೋಚ್ ಆದರು. 1992ರಲ್ಲಿ ಇವರೂ ಆ ತಂಡದ ಪಿಚರ್ ನೋಲನ್ ರಯಾನ್ ಅವರೂ ಸೇರಿ ಎದುರಾಳಿ ತಂಡದ ಒಬ್ಬ ಎತ್ತರದ ಎಡಗೈ ಪಿಚರ್‌ಗೆ ಒಂದು ಸಣ್ಣ ತಪ್ಪು ತೋರಿಸಿಕೊಟ್ಟರು: ನಿನ್ನ ಮುಂಗಾಲು ಹಿಮ್ಮಡಿಯ ಮೇಲೆ ಊರುತ್ತಿದೆ, ಪಾದದ ಮುಂಭಾಗದ ಮೇಲೆ ಊರಬೇಕು ಎಂದು. ಆ ಪಿಚರ್ ರ‍್ಯಾಂಡಿ ಜಾನ್ಸನ್. 1992ರಲ್ಲಿ 144 ವಾಕ್ ಕೊಟ್ಟಿದ್ದವನು, ಅಂದರೆ ಗುರಿ ತಪ್ಪಿ ಎಸೆದು ಅಷ್ಟು ಬಾರಿ ಬ್ಯಾಟರ್‌ಗೆ ಮೊದಲ ಬೇಸ್ ಪುಕ್ಕಟೆ ಕೊಟ್ಟಿದ್ದವನು, ಮರುವರ್ಷ 99 ವಾಕ್ ಕೊಟ್ಟು 308 ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್, ಅಂದರೆ ತನ್ನ ಎಸೆತಗಳಿಂದಲೇ ಔಟ್, ಮಾಡಿದ. ಈಗ ಬೇಸ್‌ಬಾಲ್ ದಿಗ್ಗಜರ ಹಾಲ್ ಆಫ್ ಫೇಮ್‌ನಲ್ಲಿದ್ದಾನೆ. ಜಾನ್ಸನ್‌ನನ್ನು ತಂಡವೊಂದು ಆಯ್ದುಕೊಂಡದ್ದು 1985ರಲ್ಲಿ. 1987ರಲ್ಲಿ ಜ್ಯಾಕ್ಸನ್‌ವಿಲ್‌ನ ಮೈನರ್ ಲೀಗ್ ತಂಡಕ್ಕೆ ಆಡುವಾಗ 140 ಇನ್ನಿಂಗ್ಸ್‌ಗಳಲ್ಲಿ 128 ವಾಕ್ ಕೊಟ್ಟಿದ್ದ. ಅಂದರೆ ಚೆಂಡು ಎಲ್ಲಿಗೆ ಹೋಗುತ್ತದೆಂದು ಅವನಿಗೇ ಗೊತ್ತಿರುತ್ತಿರಲಿಲ್ಲ. ಆ ಎಡಗೈ ಪಳಗಲು ಏಳೆಂಟು ವರ್ಷ ಬೇಕಾಯಿತು, ಅಷ್ಟು ವರ್ಷ ಅವನನ್ನು ಯಾರೋ ಕಾದರು.

ಕಾದರೂ ಫಲಿಸದೆ ಹೋದದ್ದೂ ಇದೆ. ಸ್ಟೀವ್ ಡಾಲ್ಕೋವ್‌ಸ್ಕಿ ಎಂಬ ಎಡಗೈಯವನು 1960ರಲ್ಲಿ ಸ್ಟಾಕ್ಟನ್ ತಂಡಕ್ಕೆ 170 ಇನ್ನಿಂಗ್ಸ್ ಆಡಿ 262 ಸ್ಟ್ರೈಕ್‌ಔಟ್ ಮಾಡಿದ, ಅಷ್ಟೇ ಸಂಖ್ಯೆಯ, ಅಂದರೆ 262 ವಾಕ್ ಕೊಟ್ಟ. 1962ರಲ್ಲಿ ಎಲ್ಮೈರಾ ತಂಡದಲ್ಲಿ ಮ್ಯಾನೇಜರ್ ಅರ್ಲ್ ವೀವರ್ ಅವರ ಕೈಕೆಳಗೆ ಹತೋಟಿಗೆ ಬಂದ. ಮರುವರ್ಷದ ವಸಂತ ಶಿಬಿರದಲ್ಲಿ, ಇನ್ನೇನು ಮೇಜರ್ ಲೀಗ್‌ಗೆ ಏರುತ್ತಾನೆ ಎನ್ನುವಾಗ ಮೊಣಕೈ ಹೋಯಿತು. ಒಂದು ಮೇಜರ್ ಲೀಗ್ ಪಂದ್ಯವನ್ನೂ ಆಡದೆ 2020ರಲ್ಲಿ ತೀರಿಕೊಂಡ.

ರಿಂಕುವಿನ ಏಣಿ ಇನ್ನೂ ಕೆಳಗಿನ ಮೆಟ್ಟಿಲಿನಿಂದ ಶುರುವಾಯಿತು. 2008ರ ನವೆಂಬರ್‌ನಲ್ಲಿ ಮೇಜರ್ ಲೀಗ್‌ನ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ ಅವನನ್ನೂ ದಿನೇಶನನ್ನೂ ತೆಗೆದುಕೊಂಡಿತು. 2009ರ ಜುಲೈ 4ರಂದು ಇಬ್ಬರೂ ಫ್ಲಾರಿಡಾದ ಗಲ್ಫ್ ಕೋಸ್ಟ್ ಲೀಗ್‌ನಲ್ಲಿ ಕಣಕ್ಕಿಳಿದರು. ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನಲ್ಲಿ ಆಡಿದ ಮೊದಲ ಭಾರತೀಯರು. ಆ ವರ್ಷ ರಿಂಕುವಿನ ಇಆರ್‌ಎ 5.84. ಒಂಬತ್ತು ಇನ್ನಿಂಗ್ಸ್‌ಗೆ, ಅಂದರೆ ಒಂದು ಪೂರ್ಣ ಪಂದ್ಯಕ್ಕೆ, ಪಿಚರ್ ಬಿಟ್ಟುಕೊಡುವ ರನ್‌ಗಳ ಸರಾಸರಿ ಅದು, ಕಡಿಮೆ ಇದ್ದಷ್ಟೂ ಒಳ್ಳೆಯದು. 5.84 ಕೆಟ್ಟ ಸಂಖ್ಯೆ. ಆದರೆ ಋತುವಿನ ಕೊನೆಕೊನೆಯ ಪಂದ್ಯಗಳಲ್ಲಿ ಅವನ ಚೆಂಡಿಗೆ ಹೊಡೆತ ಬೀಳುವುದು ಬಹಳ ಕಡಿಮೆಯಾಗಿತ್ತು. ತಂಡ ಅದನ್ನು ಗಮನಿಸಿತು.

ದಿನೇಶನನ್ನು 2010ರ ಕೊನೆಯಲ್ಲಿ ಬಿಟ್ಟುಕೊಟ್ಟರು. ರಿಂಕು ಉಳಿದ. 2011ರಲ್ಲಿ ಡೊಮಿನಿಕನ್ ಬೇಸಿಗೆ ಲೀಗ್, ಅಲ್ಲಿಂದ ಪೆನ್ಸಿಲ್ವೇನಿಯಾದ ಸ್ಟೇಟ್ ಕಾಲೇಜ್ ಸ್ಪೈಕ್ಸ್, ಅಲ್ಲಿಂದ ವೆಸ್ಟ್ ವರ್ಜೀನಿಯಾ ಪವರ್. ಅಮೆರಿಕದ ಋತು ಮುಗಿದ ಮೇಲೆ ವಿಶ್ರಾಂತಿಯೂ ಇಲ್ಲ, ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಕ್ಯಾವಲ್ರಿ ತಂಡ. 2012ರಲ್ಲಿ ಇಡೀ ಋತು ವೆಸ್ಟ್ ವರ್ಜೀನಿಯಾ ಪವರ್ ತಂಡದ ಊರಾದ ಚಾರ್ಲ್ಸ್‌ಟನ್ನಿನಲ್ಲಿ: 39 ಪಂದ್ಯ, 72 ಇನ್ನಿಂಗ್ಸ್, 65 ಸ್ಟ್ರೈಕ್‌ಔಟ್, ಇಆರ್‌ಎ 3.00.

ನಾವು ಆಗ ಪಿಟ್ಸ್‌ಬರ್ಗ್‌ನಲ್ಲಿದ್ದೆವು. ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನದಲ್ಲಿ ಪುಳಿಯೋಗರೆಗೆ ಸಾಲು ನಿಂತಾಗ ರಿಂಕುವಿನ ಮಾತು ಬಂದೇ ಬರುತ್ತಿತ್ತು. ಹುಬ್ಬಳ್ಳಿಯ ಹಿರಿಯರೊಬ್ಬರು ನನ್ನನ್ನು ಕಂಡಕೂಡಲೇ, "ಏನಮ್ಮಾ, ನಮ್ಮ ಹುಡುಗ ಮೇಲಿನ ತಂಡಕ್ಕೆ ಯಾವಾಗ ಬರುತ್ತಾನೆ?" ಎಂದು ಕೇಳುತ್ತಿದ್ದರು. ಅವರಿಗೆ ಬೇಸ್‌ಬಾಲ್ ಅಷ್ಟಾಗಿ ಅರ್ಥವಾಗುತ್ತಿರಲಿಲ್ಲ, ಆದರೆ ಆ ಪ್ರಶ್ನೆಯಲ್ಲಿದ್ದ ಅಕ್ಕರೆ ಸುಳ್ಳಲ್ಲ. ನಾನು ಕೊಡುತ್ತಿದ್ದ ಉತ್ತರವನ್ನು ಇಂದಿಗೂ ಬದಲಿಸುವುದಿಲ್ಲ: ಬರುವುದು ಕಷ್ಟ, ಆದರೆ ಬಂದರೆ ಆಶ್ಚರ್ಯಪಡಬೇಡಿ.

ಕಷ್ಟ ಏಕೆಂದರೆ ಆ ಋತು ಮುಗಿಯುವಾಗ ಅವನಿಗೆ 24 ವರ್ಷ, ಆಡುತ್ತಿದ್ದದ್ದು ಲೋ-ಎ ಹಂತ. ಮೇಲೆ ಹೈ-ಎ, ಡಬಲ್-ಎ, ಟ್ರಿಪಲ್-ಎ ಎಂದು ಇನ್ನೂ ಮೂರು ಮೆಟ್ಟಿಲು. ಅಲ್ಲಿನ ಬಹುತೇಕ ಹುಡುಗರು ಅವನಿಗಿಂತ ಚಿಕ್ಕವರು. ಭರವಸೆಯ ಆಟಗಾರರನ್ನು ಅಳೆಯುವವರು ಮೊದಲು ನೋಡುವುದೇ ವಯಸ್ಸನ್ನು. ಆದರೆ ಅವನ ಕೈಗೆ 24 ಆದರೂ ಅವನ ಆಟಕ್ಕೆ ಇನ್ನೂ ನಾಲ್ಕೇ ವರ್ಷ. ನಾಲ್ಕು ವರ್ಷದ ಅನುಭವದಲ್ಲಿ 5.84ರಿಂದ 3.00ಕ್ಕೆ, ಅದೂ ಕಠಿಣವಾದ ಹಂತದಲ್ಲಿ ಇಳಿದವನನ್ನು ಟಿವಿಯವರ ಚಮತ್ಕಾರ ಎಂದು ತಳ್ಳಿಹಾಕುವುದು ಅನ್ಯಾಯ. ಜೊತೆಗೆ ಎಡಗೈ. ಜನರಲ್ಲಿ ಹತ್ತಕ್ಕೆ ಒಬ್ಬರು ಎಡಚರಾದರೆ ಮೇಜರ್ ಲೀಗ್ ಪಿಚರ್‌ಗಳಲ್ಲಿ ನಾಲ್ಕಕ್ಕೆ ಒಬ್ಬರ ಹತ್ತಿರ ಹತ್ತಿರ ಎಡಗೈಯವರು. ಅಂದಿನ ದಿನಗಳಲ್ಲಿ ಪಂದ್ಯದ ಕೊನೆಗೆ ಬಂದು ಒಬ್ಬನೇ ಒಬ್ಬ ಎಡಗೈ ಬ್ಯಾಟರ್‌ನನ್ನು ಔಟ್ ಮಾಡಿ ಹೋಗುವ ಎಡಗೈ ಪಿಚರ್‌ಗೆ ಪ್ರತಿ ತಂಡದಲ್ಲಿಯೂ ಕೆಲಸವಿತ್ತು. ರಿಂಕು ಮೇಲೇರುವುದಾಗಿದ್ದರೆ ಬಹುಶಃ ಆ ಬಾಗಿಲಿನಿಂದಲೇ ಏರುತ್ತಿದ್ದ.

ಏರಲಿಲ್ಲ. 2013ರಲ್ಲಿ ಮೊಣಕೈಗೆ ಟಾಮಿ ಜಾನ್ ಶಸ್ತ್ರಚಿಕಿತ್ಸೆಯಾಯಿತು. ಮೊಣಕೈಯ ಒಳಮಗ್ಗುಲಲ್ಲಿ ಮೇಲಿನ ಮತ್ತು ಕೆಳಗಿನ ಎಲುಬುಗಳನ್ನು ಹಿಡಿದಿಡುವ ಒಂದು ಅಸ್ಥಿರಜ್ಜು ಇದೆ. ಎಸೆತದ ಒತ್ತಡವೆಲ್ಲ ಬೀಳುವುದು ಅದರ ಮೇಲೆ. ಅದು ಹರಿದರೆ ದೇಹದ ಬೇರೆಡೆಯಿಂದ ಒಂದು ಸ್ನಾಯುರಜ್ಜು ತೆಗೆದು, ಎಲುಬಿನಲ್ಲಿ ರಂಧ್ರ ಕೊರೆದು ಪೋಣಿಸುತ್ತಾರೆ. 1974ರಲ್ಲಿ ಡಾ. ಫ್ರ್ಯಾಂಕ್ ಜೋಬ್ ಇದನ್ನು ಮೊದಲು ಮಾಡಿದ್ದು ಟಾಮಿ ಜಾನ್‌ಗೆ, ಆತ ಕೂಡ ಎಡಗೈ ಪಿಚರ್. ಆತ ಮರಳಿ ಬಂದು 1989ರವರೆಗೆ ಆಡಿದ. ಪಿಚರ್‌ಗಳ ಕಾಯಿಲೆ ಎಂದೇ ಹೆಸರಾದ ಈ ಗಾಯವನ್ನು ವೈದ್ಯರು ಮೊದಲು ವರ್ಣಿಸಿದ್ದು 1946ರಲ್ಲಿ, ಈಟಿ ಎಸೆಯುವವರ ಮೊಣಕೈಯಲ್ಲಿ. ರಿಂಕುವನ್ನು ಲಖನೌದಿಂದ ಚಾರ್ಲ್ಸ್‌ಟನ್‌ಗೆ ತಂದ ಚಲನೆಯೇ ಅವನ ಕೈಯನ್ನೂ ತಿಂದಿತೋ ಏನೋ, ನನಗಂತೂ ಹಾಗೇ ಅನ್ನಿಸುತ್ತದೆ. ಆಮೇಲೆ ಅವನು ಮೊದಲಿನ ಲಯಕ್ಕೆ ಮರಳಲಿಲ್ಲ. ಮೈನರ್ ಲೀಗ್‌ನ ಒಟ್ಟು ಇಆರ್‌ಎ ಮೂರರ ಆಸುಪಾಸಿನಲ್ಲಿ ನಿಂತಿತು. 2018ರ ಜನವರಿಯಲ್ಲಿ ಕುಸ್ತಿಯ ಒಪ್ಪಂದಕ್ಕೆ ಸಹಿ ಹಾಕಿದ.

ಈಗ ನನ್ನ ದೂರಿಗೆ ಬರುತ್ತೇನೆ. 2021ರಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ತನ್ನ ಕೆಳಗಿನ ಮೈನರ್ ಲೀಗ್ ತಂಡಗಳನ್ನು 160ರಿಂದ 120ಕ್ಕೆ ಇಳಿಸಿತು. ಆ ಹೊಡೆತಕ್ಕೆ ಸಿಕ್ಕವುಗಳಲ್ಲಿ ಸ್ಟೇಟ್ ಕಾಲೇಜ್ ಸ್ಪೈಕ್ಸ್ ಒಂದು, ವೆಸ್ಟ್ ವರ್ಜೀನಿಯಾ ಪವರ್ ಇನ್ನೊಂದು. ರಿಂಕು ಹತ್ತಿದ ಮೆಟ್ಟಿಲುಗಳನ್ನೇ ಕಿತ್ತುಹಾಕಿದರು. ಪ್ರತಿಭೆ ಇನ್ನೂ ಹಸಿಯಾಗಿರುವವರು ಆಡುತ್ತಿದ್ದ ಕಿರು ಋತುವಿನ ಲೀಗ್‌ಗಳು ಹೋದವು. ಪ್ರತಿ ವರ್ಷದ ಆಟಗಾರರ ಆಯ್ಕೆ 40 ಸುತ್ತುಗಳಿಂದ 20ಕ್ಕೆ ಬಂತು. ಒಂದು ಮೇಜರ್ ಲೀಗ್ ತಂಡ ಅಮೆರಿಕದೊಳಗೆ ಇಟ್ಟುಕೊಳ್ಳಬಹುದಾದ ಮೈನರ್ ಲೀಗ್ ಆಟಗಾರರ ಸಂಖ್ಯೆ 180 ಇದ್ದದ್ದು 2024ರಿಂದ 165. ಇನ್ನು ಎಡಗೈಯವರ ಆ ವಿಶೇಷ ಬಾಗಿಲು? 2020ರಿಂದ ಒಳಗೆ ಬಂದ ಪಿಚರ್ ಕನಿಷ್ಠ ಮೂವರು ಬ್ಯಾಟರ್‌ಗಳನ್ನು ಎದುರಿಸಲೇಬೇಕು, ಇಲ್ಲವೇ ಆ ಅರ್ಧ ಇನ್ನಿಂಗ್ಸ್ ಮುಗಿಯಬೇಕು. ಒಬ್ಬನಿಗಾಗಿ ಬಂದು ಹೋಗುವ ಕೆಲಸವೇ ಹೆಚ್ಚುಕಡಿಮೆ ಇಲ್ಲವಾಯಿತು.

ಎಲ್ಲವೂ ಕೆಟ್ಟಿದೆ ಎಂದು ನಾನು ಹೇಳುತ್ತಿಲ್ಲ. ಮೈನರ್ ಲೀಗ್ ಹುಡುಗರು 2022ರಲ್ಲಿ ಸಂಘಟಿತರಾದರು, 2023ರ ಒಪ್ಪಂದದಲ್ಲಿ ಲೋ-ಎ ಹಂತದ ಕನಿಷ್ಠ ಸಂಬಳ ವರ್ಷಕ್ಕೆ 11,000 ಡಾಲರ್‌ನಿಂದ 26,200ಕ್ಕೆ ಏರಿತು, ಉಳಿಯಲು ಮನೆಯೂ ಸಿಗುತ್ತಿದೆ. ಒಂದೇ ಅಪಾರ್ಟ್‌ಮೆಂಟಿನಲ್ಲಿ ನೆಲದ ಮೇಲೆ ಸಾಲಾಗಿ ಮಲಗಿ ಬೆಳಗ್ಗೆ ಅಭ್ಯಾಸಕ್ಕೆ ಹೋಗುತ್ತಿದ್ದ ಹುಡುಗರಿಗೆ ಇದು ಎಂದೋ ಸಿಗಬೇಕಿತ್ತು. ಚೆಂಡಿನ ಸುತ್ತು, ಕೋನ ಎಲ್ಲವನ್ನೂ ಅಳೆಯುವ ಯಂತ್ರಗಳು ಬಂದಿವೆ, ಪ್ರತಿಭೆಯನ್ನು ಗುರುತಿಸಲು ಪಂದ್ಯಗಳೇ ಬೇಕಿಲ್ಲ ಎನ್ನುತ್ತಾರೆ. ಒಪ್ಪುತ್ತೇನೆ, ಗುರುತಿಸಬಹುದು. 2008ರಲ್ಲಿಯೂ ಒಂದು ವೇಗಮಾಪಕ ಯಂತ್ರವೇ ರಿಂಕುವನ್ನು ಗುರುತಿಸಿದ್ದು. ಆದರೆ ಮೊದಲ ಬೇಸ್‌ನ ಓಟಗಾರನನ್ನು ಹಿಡಿದಿಡುವುದನ್ನು, ಎರಡು ಹೋಮ್ ರನ್ ಹೊಡೆಸಿಕೊಂಡ ಮರುದಿನ ಮತ್ತೆ ದಿಬ್ಬ ಹತ್ತುವುದನ್ನು ಯಂತ್ರ ಕಲಿಸುವುದಿಲ್ಲ. ಅದಕ್ಕೆ ಪಂದ್ಯ ಬೇಕು, ಸೋತರೂ ಮನೆಗೆ ಕಳಿಸದ ಒಂದು ಮೈದಾನ ಬೇಕು. 160ರಲ್ಲಿ 40 ತಂಡಗಳನ್ನು ಕೈಬಿಡುವಾಗ ಉಳಿಸಿದ ಹಣ ಆ ಉದ್ಯಮದ ಲೆಕ್ಕದಲ್ಲಿ ಚಿಲ್ಲರೆ.

2019ರಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ದೆಹಲಿಯಲ್ಲಿ ಕಚೇರಿ ತೆರೆಯಿತು, ನಮ್ಮ ಶಾಲೆಗಳಿಗೆ ಬ್ಯಾಟು, ಗ್ಲೌಸ್ ತಂದಿತು. ಸಂತೋಷ. ಮಂಡ್ಯದಿಂದಲೋ, ಗೋರಖಪುರದಿಂದಲೋ ಇನ್ನೊಬ್ಬ ಈಟಿ ಎಸೆಯುವ ಎಡಚ ಹುಡುಗ ನಾಳೆ ಅವರ ಕಣ್ಣಿಗೆ ಬೀಳಬಹುದು. ಅವರಿಗೆ ನಾನು ಕೇಳುವುದು ಒಂದೇ: ಅವನನ್ನು ವಿಮಾನ ಹತ್ತಿಸುವ ಮೊದಲು, ಯಾವ ತಂಡದಲ್ಲಿ ಎಷ್ಟು ಋತು ಆಡಿಸುತ್ತೀರಿ ಎಂದು ಒಪ್ಪಂದದಲ್ಲಿ ಬರೆದುಕೊಡಿ. ನಾಲ್ಕು ಋತುವಿಗಿಂತ ಕಡಿಮೆ ಇದ್ದರೆ ಆ ಹುಡುಗನ ಮನೆಯವರು ಸಹಿ ಹಾಕಬಾರದು.