ಕುಚಲಕ್ಕಿ ಅನ್ನಕ್ಕೆ ಕ್ಷಮೆ ಕೇಳುವವರ ಊರಲ್ಲಿ

ನಿನ್ನೆ ಕುಮಟಾದಲ್ಲಿ ಪರಿಚಯದವರ ಮನೆಗೆ ಹೋಗಿದ್ದೆ. ಊಟಕ್ಕೆ ಕೂತ ಕೂಡಲೇ ಮನೆಯಾಕೆ, "ಅಕ್ಕಾ, ಬೇಜಾರ್ ಮಾಡ್ಕೋಬೇಡಿ, ಇವತ್ತು ಕುಚಲಕ್ಕಿ ಅನ್ನ ಮಾತ್ರ" ಅಂದರು. ಯಾವುದೋ ಅಪರಾಧ ಒಪ್ಪಿಕೊಳ್ಳುವ ದನಿ! ಊಟ ಮುಗಿಯಿತು. ಕೈ ತೊಳೆದು ಬಂದವರೆಲ್ಲ ಕಪಾಟಿನಿಂದ ಬಾಟಲಿ ತೆಗೆದು ಒಂದೊಂದು ಬಿ-ಕಾಂಪ್ಲೆಕ್ಸ್ ಮಾತ್ರೆ ನುಂಗಿದರು. ಅದಕ್ಕೆ ಮಾತ್ರ ಯಾರೂ ನಾಚಿಕೊಳ್ಳಲಿಲ್ಲ.

ನನ್ನ ಬಾಯಿ ನಿಮಗೆಲ್ಲ ಗೊತ್ತಲ್ಲ. ಅಲ್ಲಿ ಹೇಗೋ ತಡೆದುಕೊಂಡೆ. ಇಲ್ಲಿ ತಡೆದುಕೊಳ್ಳಬೇಕಾದ ಅಗತ್ಯ ಇಲ್ಲ.

ಈ ಬಿ ವಿಟಮಿನ್ ಸಿಕ್ಕಿದ್ದೇ ಅಕ್ಕಿಯಿಂದ ಕಣ್ರೀ. 1890ರ ಆಸುಪಾಸು, ಜಾವಾದಲ್ಲಿ ಕ್ರಿಸ್ಟಿಯಾನ್ ಐಕ್‌ಮನ್ ಅಂತ ಡಚ್ ವೈದ್ಯ. ಆಗ ಆ ಕಡೆ ಬೆರಿಬೆರಿ ರೋಗದಲ್ಲಿ ಜನ ಕಾಲು ಸೋತು, ಹೃದಯ ಸೋತು ಸಾಯುತ್ತಿದ್ದರು. ಅವನು ಸಾಕಿದ್ದ ಕೋಳಿಗಳಿಗೂ ಕಾಲು ಬಿದ್ದವು. ಕೆಲ ಕಾಲದ ನಂತರ ತಾವಾಗಿಯೇ ಎದ್ದು ಓಡಾಡಿದವು. ವಿಚಾರಿಸಿದರೆ, ಮಿಲಿಟರಿ ಆಸ್ಪತ್ರೆಯಲ್ಲಿ ಉಳಿದ ಬಿಳಿ ಅನ್ನವನ್ನು ಅವಕ್ಕೆ ಹಾಕುತ್ತಿದ್ದರಂತೆ. ಹೊಸದಾಗಿ ಬಂದ ಅಡುಗೆಯವನು ಸೈನಿಕರ ಅನ್ನ ಕೋಳಿಗೆ ಯಾಕೆ ಅಂತ ನಿಲ್ಲಿಸಿದ. ಕೋಳಿಗಳಿಗೆ ತೌಡಿರುವ ಅಕ್ಕಿ ಸಿಕ್ಕಿತು, ಹುಷಾರಾದವು. ಐಕ್‌ಮನ್ ಬಿಳಿ ಅನ್ನದಲ್ಲೇ ಏನೋ ವಿಷ ಇದೆ ಅಂದುಕೊಂಡ. ಗ್ರೈನ್ಸ್ ಎಂಬ ಅವನ ಸಹೋದ್ಯೋಗಿ 1901ರಲ್ಲಿ, ವಿಷ ಅಲ್ಲ, ತೌಡಿನ ಜೊತೆ ಏನೋ ಹೋಗಿಬಿಟ್ಟಿದೆ ಅಂದ. ಆ 'ಏನೋ' ಅಂದರೆ ಥಯಾಮಿನ್, ಬಿ1. 1929ರ ನೊಬೆಲ್‌ನಲ್ಲಿ ಪಾಲು ಸಿಕ್ಕಿದ್ದು ಐಕ್‌ಮನ್‌ಗೆ. ಗ್ರೈನ್ಸ್‌ಗೆ ಇಲ್ಲ. ಅಡುಗೆಯವನ ಸುದ್ದಿ ಎತ್ತುವುದೇ ಬೇಡ.

ನಮ್ಮ ಕರಾವಳಿಯವರು ಇದ್ಯಾವುದೂ ಗೊತ್ತಿಲ್ಲದೇ ಭತ್ತವನ್ನು ಬೇಯಿಸಿ, ಒಣಗಿಸಿ, ಆಮೇಲೆ ಅಕ್ಕಿ ಮಾಡುತ್ತಿದ್ದರು. ಭತ್ತ ನೆನೆದು ಬೇಯುವಾಗ ತೌಡಿನಲ್ಲಿರುವ ಥಯಾಮಿನ್ ಕಾಳಿನ ಒಳಗೆ ಇಳಿಯುತ್ತದೆ. ಆಮೇಲೆ ಸ್ವಲ್ಪ ಪಾಲಿಶ್ ಆದರೂ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. 100 ಗ್ರಾಂ ಬೇಯಿಸದ ಬಿಳಿ ಅಕ್ಕಿಯಲ್ಲಿ ಥಯಾಮಿನ್ ಸುಮಾರು 0.07 ಮಿಲಿಗ್ರಾಂ. ತೌಡಿರುವ ಅಕ್ಕಿಯಲ್ಲಿ ಸುಮಾರು 0.4. ನಮಗೆ ದಿನಕ್ಕೆ ಬೇಕಾದ್ದು ಸುಮಾರು ಒಂದೂವರೆ ಮಿಲಿಗ್ರಾಂ. ಲೆಕ್ಕ ನೀವೇ ಹಾಕಿ. ಈ ವಿಟಮಿನ್ ನೀರಲ್ಲಿ ಕರಗುತ್ತದೆ, ಅನ್ನ ಬಸಿದರೆ ತೆಳಿ ಜೊತೆ ಹೋಗುತ್ತದೆ. ಆದರೆ ಗಂಜಿ ಉಣ್ಣುವವರು ತೆಳಿ ಚೆಲ್ಲುವುದಿಲ್ಲ. ನಮ್ಮ ಶಿರಸಿ ಕಡೆ ತೆಳಿಸಾರನ್ನೇ ಮಾಡಿ ಸುರಿದುಕೊಂಡು ಕುಡಿಯುತ್ತಾರೆ. ಇಂಥ ಊಟಕ್ಕೆ ನೆಂಟರ ಮುಂದೆ ಕ್ಷಮೆ ಕೇಳುವುದು!

ನನಗೆ ಉರಿಯುವುದು ಇಲ್ಲೇ. ಹೊಳೆಯುವ ಬಿಳಿ ಅನ್ನ ಅಂದರೆ ಮರ್ಯಾದೆ. ಕೆಂಪು ಅನ್ನ ಅಂದರೆ ಬಡತನ. ತೌಡು ಕೊಟ್ಟಿಗೆಗೆ, ಮಾತ್ರೆ ಮನುಷ್ಯರಿಗೆ. ನಮ್ಮನೆ ಎಮ್ಮೆಯ ಪೌಷ್ಟಿಕತೆ ನನಗಿಂತ ಚೆನ್ನಾಗಿದೆ, ಅದಕ್ಕೆ ಯಾರೂ ಟಾನಿಕ್ ಬರೆದುಕೊಟ್ಟಿಲ್ಲ.

ಈಗ ಕೆಲವರು ಬರುತ್ತಾರೆ, ಗೊತ್ತು. "ಬೆರಿಬೆರಿ ಈಗ ಎಲ್ಲಿದೆ ಮಾರಾಯ್ತಿ, ಬೇಳೆ, ಮೀನು, ಕಾಯಿಪಲ್ಲೆ ತಿಂತೇವಲ್ಲ." ಸರಿ, ಎಲ್ಲ ತಿನ್ನುವವರಿಗೆ ಚಿಂತೆಯಿಲ್ಲ. ಬಾಣಂತಿಗೆ ಏನು ಹಾಕುತ್ತೀರಿ? ಪಥ್ಯ ಅಂತ ಬಿಳಿ ಅನ್ನ, ತುಪ್ಪ, ಕಾಳುಮೆಣಸಿನ ಸಾರು. ಬೇಳೆ ವಾಯು, ಸೊಪ್ಪು ಶೀತ. ಹೀಗೆ ಪಥ್ಯ ಮಾಡಿದ ತಾಯಂದಿರ ಎದೆಹಾಲು ಕುಡಿಯುವ ಕೂಸುಗಳಲ್ಲಿ ಥಯಾಮಿನ್ ಇಲ್ಲದೇ ಹೃದಯಕ್ಕೆ, ಶ್ವಾಸಕೋಶಕ್ಕೆ ಪೆಟ್ಟು ಬಿದ್ದದ್ದನ್ನು ನಮ್ಮ ಕರ್ನಾಟಕದ ವೈದ್ಯರೇ ಇತ್ತೀಚಿನ ವರ್ಷಗಳಲ್ಲಿ ಬರೆದಿದ್ದಾರೆ. ಥಯಾಮಿನ್ ಇಂಜೆಕ್ಷನ್ ಕೊಟ್ಟ ಮೇಲೆ ಬೇಗನೇ ಚೇತರಿಸಿಕೊಂಡವಂತೆ. "ಬೆರಿಬೆರಿ ಎಲ್ಲಿದೆ" ಅನ್ನುವವರು ಇದನ್ನು ಇನ್ನೊಮ್ಮೆ ಓದಿ.

ಇನ್ನು ನಾರಿನ ಮಾತು. 2019ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ್ದರು. ನಾರು ಜಾಸ್ತಿ ತಿನ್ನುವವರಲ್ಲಿ ಹೃದಯರೋಗ, ಟೈಪ್ 2 ಡಯಾಬಿಟಿಸ್, ಸಾವು ಎಲ್ಲವೂ ಶೇ. 15ರಿಂದ 30ರಷ್ಟು ಕಡಿಮೆ. ಅದನ್ನೂ ತೌಡಿನ ಜೊತೆಗೇ ಎಮ್ಮೆಗೆ ಹಾಕುತ್ತೇವೆ. ಆಮೇಲೆ ಪೇಟೆಯಲ್ಲಿ 'ಬ್ರೌನ್ ರೈಸ್' ಅಂತ ದುಪ್ಪಟ್ಟು ಬೆಲೆ ಕೊಟ್ಟು ತರುತ್ತೇವೆ. ಇಂಗ್ಲಿಷ್ ಹೆಸರಿದ್ದರೆ ನೆಂಟರಿಗೂ ಬಡಿಸಬಹುದು ನೋಡಿ.

ನಾನೂ ಮಾತ್ರೆ ನುಂಗುತ್ತೇನೆ, ಮುಚ್ಚಿಡುವುದಿಲ್ಲ. ಬಿ12. ಅದು ಅಕ್ಕಿಯಲ್ಲೂ ಇಲ್ಲ, ತೌಡಲ್ಲೂ ಇಲ್ಲ. ಮೀನು, ಮೊಟ್ಟೆ, ಮಾಂಸ, ಹಾಲಲ್ಲಿ ಮಾತ್ರ. ಮೀನು ತಿನ್ನದ ಜಾತಿಯಲ್ಲಿ ಹುಟ್ಟಿ, ಹಾಲು ಕಂಡರೆ ಓಡುವ ನನ್ನಂಥವಳಿಗೆ ಡಾಕ್ಟರ್ ಬರೆದುಕೊಟ್ಟಿದ್ದನ್ನು ನುಂಗದೇ ಗತಿಯಿಲ್ಲ. ಹಾಗಾಗಿ ಮಾತ್ರೆಯ ಮೇಲೆ ನನಗೆ ದ್ವೇಷವಿಲ್ಲ. ತಟ್ಟೆಯಲ್ಲಿ ಇದ್ದದ್ದನ್ನು ಕಸ ಅಂತ ತೆಗೆಸಿ, ಅದನ್ನೇ ಮೆಡಿಕಲ್ ಶಾಪಿನಲ್ಲಿ ಕೊಳ್ಳುತ್ತಾರಲ್ಲ, ಅದನ್ನು ಕಂಡರೆ ಮೈ ಉರಿಯುತ್ತದೆ.

ಅಂದಹಾಗೆ, ಅಘನಾಶಿನಿ ಹೊಳೆ ಸಮುದ್ರ ಸೇರುವ ಕಡೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಡೆದು ಬೆಳೆಯುವ ಕಗ್ಗ ಅಕ್ಕಿ ಯಾರ ಹತ್ತಿರವಾದರೂ ಇದ್ದರೆ ಮೆಸೇಜ್ ಮಾಡಿ. ಪಾಲಿಶ್ ಮಾಡಿಸಿದ್ದು ಬೇಡ. ರೇಟು ಸ್ವಲ್ಪ ಜಾಸ್ತಿ ಆದರೂ ಅಡ್ಡಿಲ್ಲ, ಚೌಕಾಸಿ ಮಾತ್ರ ಮಾಡಿಯೇ ಮಾಡುತ್ತೇನೆ.