ಟ್ಯಾಂಕು ತುಂಬಿದ್ದು 1970ರಲ್ಲಿ

ಸಾಫ್ಟ್‌ವೇರ್ ಕೆಲಸ ಮಾಡುವವರ ಹತ್ತಿರ ಅಭಿಪ್ರಾಯಗಳಿಗೆ ಬರ ಇಲ್ಲ. ಕೋಡ್ ಬರೆಯುವಾಗ ಸಾಲಿನ ಮುಂದೆ ಜಾಗ ಬಿಡಲು ಟ್ಯಾಬ್ ಒತ್ತಬೇಕೋ ಸ್ಪೇಸ್ ಒತ್ತಬೇಕೋ, ಸ್ಕ್ರೀನು ಕಪ್ಪಗಿರಬೇಕೋ ಬೆಳ್ಳಗಿರಬೇಕೋ, ಇಂಥದ್ದಕ್ಕೆಲ್ಲ ಊಟ ಬಿಟ್ಟು ಜಗಳ ಆಡುತ್ತೇವೆ. ಕಷ್ಟ ಏನಂದರೆ ಕ್ಯಾತ್ಸಂದ್ರದಲ್ಲಿ ಇವನ್ನು ಯಾರೂ ಕೇಳುವುದಿಲ್ಲ. ಇಲ್ಲಿ ಕೇಳುವುದೇ ಬೇರೆ. "ಹದಿನೈದು ಸಾವಿರದೊಳಗೆ ಯಾವ ಮೊಬೈಲ್ ತಗೋಬೋದು?" "ನಮ್ಮ ಹುಡುಗ ಕಂಪ್ಯೂಟರ್ ಸೈನ್ಸ್ ತಗೊಂಡ್ರೆ ಮುಂದೆ ಕೆಲ್ಸ ಇರುತ್ತಾ?" "ಪ್ರಿಂಟರ್ ಪೇಪರ್ ಎಳೀತಿಲ್ಲ, ಒಂಚೂರು ಬಂದು ನೋಡಮ್ಮ." ಪ್ರಿಂಟರ್ ಬಗ್ಗೆ ನನಗೆ ಗೊತ್ತಿರುವುದು ಒಂದೇ ವಿದ್ಯೆ, ಆಫ್ ಮಾಡಿ ಆನ್ ಮಾಡುವುದು. ಅದಕ್ಕೆ ಕಾಫಿ, ಕೋಡುಬಳೆ ಸಿಗುತ್ತದೆ. ಹಗಲೂ ರಾತ್ರಿ ಬರೆಯುವ ಕೋಡಿಗೆ ಇವತ್ತಿನವರೆಗೂ ಯಾರೂ ಒಂದು ಲೋಟ ನೀರೂ ಕೊಟ್ಟಿಲ್ಲ.

ಕಂಪನಿ ಬೆಂಗಳೂರಿನಲ್ಲಿ, ಮನೆ ತುಮಕೂರಿನ ಈ ಕ್ಯಾತ್ಸಂದ್ರದಲ್ಲಿ. ನಡುವೆ 70 ಕಿಲೋಮೀಟರ್. ಆಫೀಸಿಗೆ ಹೋಗಲೇಬೇಕಾದ ದಿನ ಬೆಳಗಿನ ರೈಲು, ಮಿಕ್ಕ ದಿನ ಮಹಡಿಯ ರೂಮು. ರೈಲಿನಲ್ಲಿ ನನ್ನಂಥವರದ್ದೇ ಒಂದು ಗುಂಪಿದೆ. ಟ್ಯಾಬ್ ಸ್ಪೇಸ್ ಜಗಳ ಹಿರೇಹಳ್ಳಿಯಲ್ಲಿ ಶುರುವಾದರೆ ಚಿಕ್ಕಬಾಣಾವರ ಬಂದರೂ ನಿಲ್ಲುವುದಿಲ್ಲ. ಪೈಥಾನ್ ಅನ್ನುವ ಕೋಡ್ ಭಾಷೆಯವರ ನಿಯಮ ನಾಲ್ಕು ಸ್ಪೇಸ್ ಬಿಡಿ ಅನ್ನುತ್ತದೆ. ಗೋ ಭಾಷೆಯವರು ಟ್ಯಾಬ್ ಅನ್ನುತ್ತಾರೆ. ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು, ಅಂದರೆ ಕರ್ನಲ್, ಬರೆಯುವವರಿಗೆ ಟ್ಯಾಬೇ ಬೇಕು, ಅದೂ ಎಂಟು ಅಕ್ಷರದಷ್ಟು ಅಗಲದ್ದು. "ನಾಲ್ಕು ಬಿಟ್ರೆ ಸಾಕು", "ಇಲ್ಲ, ಎಂಟು ಬಿಡ್ಲೇಬೇಕು" ಅಂತ ನಾವು ಕಿರುಚಾಡುತ್ತಿದ್ದಾಗ ಎದುರು ಸೀಟಿನ ಹಿರಿಯರೊಬ್ಬರು ಪೇಪರ್ ಮಡಚಿಟ್ಟು ಕೇಳಿದರು, "ಸೈಟು ಎಲ್ಲಿ ಬರುತ್ತೆ?"

ನಾನು ಟ್ಯಾಬ್ ಪಕ್ಷ. ನಮ್ಮ ಮನೆಯಲ್ಲಿ ಈ ವಿಷಯಕ್ಕೆ ತಲೆ ಕೆಡಿಸಿಕೊಂಡಿರುವ ಇನ್ನೊಬ್ಬರು ಇದ್ದಾರೆ ಅಂತ ಗೊತ್ತಾಗಿದ್ದು ಕೀಬೋರ್ಡ್ ಬಂದ ಮೇಲೆ.

ಅದು ಮೆಕ್ಯಾನಿಕಲ್ ಕೀಬೋರ್ಡ್, ಬ್ಲೂ ಸ್ವಿಚ್. ಒಂದೊಂದು ಕೀಲಿಗೂ ಅದರದ್ದೇ ಸ್ಪ್ರಿಂಗ್, ಒತ್ತಿದರೆ 'ಟಕ್' ಅನ್ನುವ ಸದ್ದು. ಆ ಸದ್ದಿಗೇ ದುಡ್ಡು. ಎಷ್ಟು ದುಡ್ಡು ಅಂತ ಮನೆಯಲ್ಲಿ ಹೇಳಿಲ್ಲ, ಇಲ್ಲೂ ಹೇಳುವುದಿಲ್ಲ. ಮೊದಲ ರಾತ್ರಿಯೇ ಅತ್ತೆ ಮೆಟ್ಟಿಲು ಹತ್ತಿ ಬಂದರು. "ಏನಮ್ಮ ಇದು, ಹುರಿಗಡಲೆ ಹುರಿದಂಗೆ?" ಅವರ ಹಿಂದೆ ಮಾವ. ಮಾವ ಸರ್ಕಾರಿ ಕಚೇರಿಯಲ್ಲಿ ಬೆರಳಚ್ಚುಗಾರರಾಗಿ ರಿಟೈರ್ ಆದವರು, ಸೀನಿಯರ್ ಗ್ರೇಡ್. ಬಾಗಿಲಲ್ಲೇ ನಿಂತು ಕಣ್ಣು ಮುಚ್ಚಿ ಸದ್ದು ಕೇಳಿದರು. ಆಮೇಲೆ, "ಸ್ವಲ್ಪ ಸರಿಯಮ್ಮ" ಅಂದರು.

ಅವತ್ತಿನಿಂದ ಆ ಕೀಬೋರ್ಡಿಗೆ ಇಬ್ಬರು ವಾರಸುದಾರರು. ಮಾವ ಕಲಿತಿದ್ದು ಅನಂತಸುಬ್ಬರಾಯರು ಕನ್ನಡ ಟೈಪ್‌ರೈಟರಿಗೆ ಮಾಡಿದ ಕೀಲಿಮಣೆ. ಕಂಪ್ಯೂಟರಿನಲ್ಲಿ ಈಗ ಓಡುವುದು ಕೆ.ಪಿ. ರಾಯರದ್ದು, ನುಡಿ ತಂತ್ರಾಂಶದಲ್ಲಿ ಇರುವಂಥದ್ದು. ಇಲ್ಲಿ ಒತ್ತಕ್ಷರಕ್ಕೆ ನಡುವೆ ಎಫ್ ಒತ್ತಬೇಕು. 'ಕ್ಕ' ಬೇಕಾದರೆ ಕೆ, ಎಫ್, ಕೆ. ಮಾವನಿಗೆ ಇದು ಮೊದಲು ಅವಮಾನ ಅನ್ನಿಸಿತು, ಆಮೇಲೆ ಆಟ ಅನ್ನಿಸಿತು. ಈಗ ನನಗೆ ಮಧ್ಯಾಹ್ನ ಮೀಟಿಂಗ್ ಇದ್ದಾಗಲೆಲ್ಲ ಪಕ್ಕದಲ್ಲೇ ಕುಳಿತು ಬೀದಿಯ ಅರ್ಜಿಗಳನ್ನೆಲ್ಲ ಟೈಪ್ ಮಾಡುತ್ತಾರೆ. ಬೀದಿ ದೀಪಕ್ಕೆ ಒಂದು, ಚರಂಡಿಗೆ ಒಂದು, ನಾಯಿಗಳಿಗೆ ಎರಡು. ನನ್ನ ಮ್ಯಾನೇಜರು ಹಿಂದಿನ ಸದ್ದು ಕೇಳಿ, ಈಕೆ ಮೀಟಿಂಗಿನಲ್ಲೂ ಕೋಡ್ ಬರೆಯುತ್ತಾಳೆ ಅಂತ ಎಲ್ಲರೆದುರು ಹೊಗಳಿದರು. ನಾನು ಸುಮ್ನೆ ಇದ್ದೆ.

ಒಮ್ಮೆ ಮಾವ ನನ್ನ ಸ್ಕ್ರೀನಿಗೆ ಬಗ್ಗಿ ನೋಡಿದರು. "ಪ್ಯಾರಾ ಶುರುವಿಗೆ ಎಷ್ಟು ಜಾಗ ಬಿಟ್ಟಿದೀಯಾ?"

"ಟ್ಯಾಬ್ ಒತ್ತಿದೀನಿ ಮಾವ."

"ಟ್ಯಾಬ್ ಇರೋದು ಕೋಷ್ಟಕಕ್ಕೆ. ಪ್ಯಾರಾಕ್ಕೆ ಐದು ಸ್ಪೇಸು. ಪರೀಕ್ಷೇಲಿ ಮಾರ್ಕ್ಸ್ ಕಟ್ ಮಾಡೋರು."

ನಾಲ್ಕೂ ಅಲ್ಲ, ಎಂಟೂ ಅಲ್ಲ, ಐದು. ರೈಲಿನಲ್ಲಿ ಈ ಮೂರನೇ ಪಕ್ಷದ ಬಗ್ಗೆ ನಾನಿನ್ನೂ ಬಾಯಿ ಬಿಟ್ಟಿಲ್ಲ.

ಇನ್ನು ಟ್ಯಾಂಕಿನ ವಿಷಯ. ನಮ್ಮ ಊರಿಗೆ ಹೇಮಾವತಿ ನೀರು ಬುಗುಡನಹಳ್ಳಿ ಕೆರೆಗೆ ಬಂದು, ಅಲ್ಲಿಂದ ನಲ್ಲಿಗೆ ಬರುತ್ತದೆ. ಬಂದ ದಿನ ಸಂಪು ತುಂಬಿಸಿಕೊಳ್ಳಬೇಕು, ಸಂಪಿನಿಂದ ಮೋಟಾರ್ ಹಾಕಿ ಮೇಲಿನ ಟ್ಯಾಂಕಿಗೆ ಏರಿಸಬೇಕು. ಇದಕ್ಕೆ ಅತ್ತೆಯದ್ದೊಂದು ವ್ಯವಸ್ಥೆ ಇತ್ತು. ಮೋಟಾರ್ ಹಾಕಿ ಅಡುಗೆಮನೆಗೆ ಹೋಗುವುದು. ಟ್ಯಾಂಕು ತುಂಬಿ ನೀರು ಪಕ್ಕದ ಮನೆಯ ಶೀಟಿನ ಮೇಲೆ ದಬದಬ ಬೀಳುವುದು. ಪಕ್ಕದ ಮನೆಯಾಕೆ "ತುಂಬ್ತು ಕಣ್ರೀ!" ಅಂತ ಕೂಗುವುದು. ಅತ್ತೆ ಆಫ್ ಮಾಡುವುದು. ಪಕ್ಕದ ಮನೆಯಾಕೆ ತೌರಿಗೆ ಹೋದ ದಿನಗಳನ್ನು ಬಿಟ್ಟರೆ ಈ ವ್ಯವಸ್ಥೆ ಒಮ್ಮೆಯೂ ಕೈಕೊಟ್ಟಿರಲಿಲ್ಲ. ಅದನ್ನೇ ನೋಡಿ ನೋಡಿ ನನ್ನ ಕೈ ಕಡಿಯಲು ಶುರುವಾಯಿತು. ಚೆನ್ನಾಗಿ ನಡೆಯುತ್ತಿರುವುದನ್ನು ಮುಟ್ಟದೆ ಬಿಡುವ ಡೆವಲಪರನ್ನು ನಾನಂತೂ ಕಂಡಿಲ್ಲ.

ವೈಫೈ ಇರುವ ಒಂದು ಪುಟ್ಟ ಕಂಪ್ಯೂಟರ್ ಬೋರ್ಡ್, ಅದು ಹೇಳಿದಾಗ ಮೋಟಾರ್ ಆನ್ ಆಫ್ ಮಾಡುವ ಒಂದು ರಿಲೇ, ಟ್ಯಾಂಕಿನ ಮುಚ್ಚಳದ ಒಳಗೆ ಒಂದು ಅಲ್ಟ್ರಾಸಾನಿಕ್ ಸೆನ್ಸರ್. ಎರಡು ಗುಂಡು ಕಣ್ಣಿನ ಪುಟ್ಟ ಸಾಮಾನು ಅದು. ಒಂದು ಕಣ್ಣಿಂದ ನಮ್ಮ ಕಿವಿಗೆ ಕೇಳದ ಸದ್ದು ಬಿಡುತ್ತದೆ, ಅದು ನೀರಿಗೆ ಬಡಿದು ವಾಪಸ್ ಬರುವುದನ್ನು ಇನ್ನೊಂದು ಕಣ್ಣು ಹಿಡಿಯುತ್ತದೆ. ಎಷ್ಟು ಹೊತ್ತಾಯಿತು ಅನ್ನುವುದರ ಮೇಲೆ ನೀರು ಎಷ್ಟು ಕೆಳಗಿದೆ ಅಂತ ಲೆಕ್ಕ. ಕಡಿಮೆಯಾದರೆ ಮೋಟಾರ್ ತಾನೇ ಆನ್, ತುಂಬಿದರೆ ತಾನೇ ಆಫ್. ಜೊತೆಗೆ ಮನೆಯವರೆಲ್ಲ ಇರುವ ಗ್ರೂಪಿಗೆ ಒಂದು ಮೆಸೇಜು. ಪಕ್ಕದ ಮನೆಯಾಕೆಗೆ ಸ್ವಲ್ಪ ಬೇಜಾರಾಯಿತು.

ಒಂದು ಬೆಳಗ್ಗೆ ಬಚ್ಚಲಿನಿಂದ ಮಾವನ ದನಿ. "ನೀರ್ ಬರ್ತಿಲ್ಲ!" ನಾನು ಫೋನ್ ನೋಡಿದೆ. ನೂರಕ್ಕೆ ನೂರು.

"ಫುಲ್ ಇದೆ ಅಂತ ತೋರಿಸ್ತಿದೆ ಮಾವ."

"ನನ್ ಕಣ್ತುಂಬ ಸೋಪಿದೆ. ಆ ಫೋನಿಂದ್ಲೇ ಒಂದ್ ಚೊಂಬು ಬಿಡಮ್ಮ."

ಮೇಲೆ ಹತ್ತಿ ಮುಚ್ಚಳ ತೆಗೆದರೆ ಸೆನ್ಸರಿನ ಕಣ್ಣಿಗೆ ಅಡ್ಡಲಾಗಿ ಒಂದು ಹಲ್ಲಿ. ಬಾಲ ಒಂದು ಕಣ್ಣಿಗೆ, ತಲೆ ಇನ್ನೊಂದಕ್ಕೆ. ಸದ್ದು ಹಲ್ಲಿಗೆ ಬಡಿದು ತಕ್ಷಣ ವಾಪಸ್ ಬರುತ್ತಿತ್ತು, ಹಾಗಾಗಿ ಸೆನ್ಸರಿನ ಲೆಕ್ಕದಲ್ಲಿ ಟ್ಯಾಂಕು ತುಂಬಿ ತುಳುಕುತ್ತಿತ್ತು. ಅತ್ತೆ ಪಂಚಾಂಗ ತೆಗೆದರು. ತಲೆ ಮೇಲೆ ಬಿದ್ದರೆ ಏನು, ಭುಜದ ಮೇಲೆ ಬಿದ್ದರೆ ಏನು ಅಂತೆಲ್ಲ ಹಲ್ಲಿಯ ಫಲ ಬರೆದಿದೆ. ಸೆನ್ಸರ್ ಮೇಲೆ ಕೂತರೆ ಏನು ಅಂತಿಲ್ಲ.

ಹಲ್ಲಿಗೆ ಜಾಲರಿ ಹಾಕಿದೆ. ಆಮೇಲೆ ಒಂದು ಸಂಜೆ ಮಳೆ ಬಂದು ಕರೆಂಟ್ ಹೋಯಿತು. ಕರೆಂಟ್ ಬಂದಾಗ ಬೋರ್ಡು ತಕ್ಷಣ ಎದ್ದಿತು, ರೂಟರು ನಿಧಾನಕ್ಕೆ ಎದ್ದಿತು. ಬೋರ್ಡಿಗೆ ಟೈಮ್ ಸಿಗುವುದು ಇಂಟರ್‌ನೆಟ್‌ನಿಂದ. ಅದು ಬರುವ ಮೊದಲೇ ಟ್ಯಾಂಕಿನ ಸುದ್ದಿ ಬರೆದಿಟ್ಟುಕೊಂಡು, ನೆಟ್ ಬಂದ ಕೂಡಲೇ ಗ್ರೂಪಿಗೆ ಕಳಿಸಿತು: "ಟ್ಯಾಂಕ್ ತುಂಬಿದೆ. 01-01-1970, ಬೆಳಗ್ಗೆ 5:30."

"1970ರಲ್ಲಿ ಇಲ್ಲಿ ಮನೇನೇ ಇರ್ಲಿಲ್ಲ" ಅಂದರು ಅತ್ತೆ. "ರಾಗಿ ಹೊಲ ಇತ್ತು. ಯಾರು ತುಂಬ್ಸಿದ್ದು?"

ಬಹಳಷ್ಟು ಕಂಪ್ಯೂಟರುಗಳು ಕಾಲವನ್ನು ಸೆಕೆಂಡುಗಳಲ್ಲಿ ಎಣಿಸುತ್ತವೆ, ಆ ಎಣಿಕೆ ಶುರುವಾಗುವುದು 1970ರ ಜನವರಿ 1ರ ನಡುರಾತ್ರಿಯಿಂದ, ಅದು ಗ್ರೀನಿಚ್ ಸಮಯ, ನಮ್ಮ ಗಡಿಯಾರದಲ್ಲಿ ಅದೇ ಐದೂವರೆ ಅಂತ ವಿವರಿಸಿದೆ. ಅಷ್ಟರಲ್ಲಿ ತಿಪಟೂರಿನ ಚಿಕ್ಕತ್ತೆ ಗ್ರೂಪಿನಲ್ಲಿ ಮೆಸೇಜಿಗೆ ಕೈ ಮುಗಿದು 'ಶುಭೋದಯ' ಹಾಕಿದ್ದರು. ರಾತ್ರಿ ಎಂಟಾಗಿತ್ತು.

ಮಾವ ಮಾತ್ರ ಗಂಭೀರವಾಗಿ ಕೇಳಿದರು. "ಈ ಎಣಿಕೆ ಎಲ್ಲಿಗೆ ಮುಗಿಯುತ್ತೆ?"

"ಹಳೇ 32 ಬಿಟ್ ಲೆಕ್ಕದಲ್ಲಿ, ಅಂದ್ರೆ ಎಣಿಕೆ ಬರೆದಿಡೋಕೆ ಇಷ್ಟೇ ಜಾಗ ಇರೋ ಲೆಕ್ಕದಲ್ಲಿ, 2038ರ ಜನವರಿ 19ಕ್ಕೆ ಮುಗಿಯುತ್ತೆ ಮಾವ. ಆಮೇಲೆ ಅಂಕಿ ಮೈನಸ್ ಆಗಿ ಅದು 1901ಕ್ಕೆ ಹೋಗಿಬಿಡುತ್ತೆ."

"ನಮ್ಮ ಮನೆ ಸಾಲ ಮುಗಿಯೋದು 2041ಕ್ಕೆ." ಸ್ವಲ್ಪ ಹೊತ್ತು ಯೋಚಿಸಿ, "ಬ್ಯಾಂಕಿನವರ ಹತ್ರ ಇರೋದು ಹಳೇದಾ ಹೊಸದಾ, ಕೇಳಿ ನೋಡು" ಅಂದರು.

ಪೈಪ್ ರಿಪೇರಿಗೆ ಬಂದ ಪ್ಲಂಬರ್ ನನ್ನ ಸಾಮಾನನ್ನೆಲ್ಲ ನೋಡಿ, "ಮೇಡಂ, ಇದಕ್ಕೆ ಫ್ಲೋಟ್ ಸ್ವಿಚ್ ಅಂತ ಬರ್ತದೆ, ನೀರಲ್ಲಿ ತೇಲ್ತಾ ಇದ್ದು ತುಂಬಿದ ಕೂಡ್ಲೆ ಮೋಟಾರ್ ಆಫ್ ಮಾಡ್ತದೆ, ಅಂಗಡೀಲಿ ಸಿಗ್ತದೆ, ಕಡಿಮೆ ದುಡ್ಡಿಗೆ" ಅಂದ. ಗೊತ್ತಿಲ್ಲ ಅಂದುಕೊಂಡನೇನೋ. ಅದನ್ನು ಹಾಕಿದರೆ ಶನಿವಾರ ನಾನೇನು ಮಾಡಲಿ? ನೀರು ಬಿದ್ದರೂ ಕೆಡದ ಹೊಸ ಸೆನ್ಸರ್ ತರಿಸಿದ್ದೇನೆ. ಅದಕ್ಕೆ ತೀರ ಹತ್ತಿರದ್ದು, ಸುಮಾರು ಒಂದು ಗೇಣಿನೊಳಗಿನದ್ದು, ಕಾಣುವುದಿಲ್ಲ. ಅಂದರೆ ಟ್ಯಾಂಕು ಇನ್ನೇನು ತುಂಬಬೇಕು ಅನ್ನುವಾಗಲೇ ಕುರುಡು. ಮುಚ್ಚಳದ ಮೇಲೆ ಒಂದು ಪೈಪ್ ನಿಲ್ಲಿಸಿ ಎತ್ತರದಲ್ಲಿ ಕೂರಿಸಿದರೆ ಸರಿಹೋಗುತ್ತದೆ.

ಪೈಪ್ ವಿಷಯ ಹೇಳಿದ ಮಧ್ಯಾಹ್ನ ನನಗೆ ಮೀಟಿಂಗ್ ಇತ್ತು. ಪಕ್ಕದಲ್ಲಿ ಟಕಟಕ ಜೋರಾಗಿಯೇ ನಡೆದಿತ್ತು. ಮುಗಿಸಿ ನೋಡಿದರೆ ಮೇಜಿನ ಮೇಲೆ ಒಂದು ಹಾಳೆ. ಪ್ಯಾರಾ ಶುರುವಿಗೆ ಸರಿಯಾಗಿ ಐದು ಜಾಗ.

"ಮಾನ್ಯರೇ, ವಿಷಯ: ಮೋಟಾರನ್ನು ಕೈಯಿಂದ ಹಾಕಲು ಅನುಮತಿ ಕೋರಿ. ಉಲ್ಲೇಖ: ತಮ್ಮ ಸಂದೇಶ, ದಿನಾಂಕ 01-01-1970."

ಕೆಳಗೆ ಅತ್ತೆಯ ಸಹಿ. ಅದರ ಕೆಳಗೆ, "ಪ್ರತಿ: ಮಾಹಿತಿಗಾಗಿ, ಪಕ್ಕದ ಮನೆಗೆ."