ಮೂರು ಸಹಿಯ ಇಂಡೆಂಟ್

ಪೀಣ್ಯ ಎರಡನೇ ಹಂತದ ಒಂದು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಮಷೀನುಗಳ) ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ನಾನು ನಾಲ್ಕು ವರ್ಷ ಇದ್ದೆ. ಅಲ್ಲಿ ಬೈಗುಳವಿರಲಿಲ್ಲ, ದಬ್ಬಾಳಿಕೆಯಿರಲಿಲ್ಲ. ಆಯುಧಪೂಜೆಗೆ ಮಾಲೀಕರು ತಾವೇ ನಿಂತು ಸಿಹಿ ಹಂಚುತ್ತಿದ್ದರು. ಆದರೆ ಯಾವುದನ್ನೂ ಯಾರೂ ತೀರ್ಮಾನಿಸುತ್ತಿರಲಿಲ್ಲ.

ಇನ್ಸರ್ಟಿನ ಕಥೆಯೊಂದನ್ನು ಹೇಳಿದರೆ ಸಾಕು. ಲೋಹ ಕೊರೆಯುವ, ಉಗುರಗಲದ ಆ ಕಾರ್ಬೈಡ್ ತುಣುಕುಗಳು ಹತ್ತರ ಡಬ್ಬಿಯಲ್ಲಿ ಬರುತ್ತವೆ. ಒಂದು ಅಂಚು ಸವೆದರೆ ತಿರುಗಿಸಿ ಹಾಕಬಹುದು, ಎಲ್ಲ ಅಂಚೂ ಸವೆದರೆ ಹೊಸದೇ ಬೇಕು. ಕೊನೆಯ ಡಬ್ಬಿ ಒಡೆದ ದಿನವೇ ನಾನು ಇಂಡೆಂಟ್, ಅಂದರೆ ಮಾಲು ಬೇಕೆಂಬ ಬೇಡಿಕೆ ಚೀಟಿ, ಬರೆಯುತ್ತಿದ್ದೆ. ಅದಕ್ಕೆ ಪ್ರೊಡಕ್ಷನ್ ಮ್ಯಾನೇಜರು, ಮಾಲೀಕರ ಭಾವಮೈದುನ, ಮಾಲೀಕರು, ಹೀಗೆ ಮೂವರ ಸಹಿಯಾಗಬೇಕಿತ್ತು. ಮೊದಲನೆಯವರು ಒಪ್ಪಿದ ಸಂಖ್ಯೆಯನ್ನು ಎರಡನೆಯವರು ಹೊಡೆದು ಅರ್ಧ ಮಾಡುತ್ತಿದ್ದರು. ಮೂರನೆಯವರು ಪಕ್ಕದಲ್ಲಿ ‘ಮಾತಾಡೋಣ’ ಎಂದು ಬರೆದು ಹಿಂದಕ್ಕೆ ಕಳಿಸುತ್ತಿದ್ದರು. ಸಹಿಯಾಗಿ ಬಂದರೂ, ಹಳೆಯ ಬಿಲ್ ಬಾಕಿ ಉಳಿಸಿಕೊಂಡವರಿಗೆ ಅಂಗಡಿಯವರು ಮಾಲು ಕೊಡುತ್ತಿರಲಿಲ್ಲ. ಅಷ್ಟರಲ್ಲಿ ಆಪರೇಟರುಗಳು ಸವೆದ ಅಂಚಿನಲ್ಲೇ ಮಷೀನ್ ಓಡಿಸಿ, ಅಳತೆ ತಪ್ಪಿದ ಪೀಸುಗಳು ಗಿರಾಕಿಯಿಂದ ವಾಪಸಾಗಿ, ರಿಜೆಕ್ಷನ್ನಿಗೆ ಕಾರಣ ಹುಡುಕುವ ಮೀಟಿಂಗಿಗೆ ನನ್ನನ್ನೇ ಕರೆಯುತ್ತಿದ್ದರು. ಅಂಥದೇ ಒಂದು ತಿಂಗಳಲ್ಲಿ ಸ್ಟೋರ್ಸ್ ಬಾಗಿಲಿಗೆ ಹೊಸ ಕ್ಯಾಮೆರಾ ಬಂತು. ಅದರ ಇಂಡೆಂಟು ಮಾತ್ರ ನನ್ನ ಪುಸ್ತಕದಲ್ಲಿ ಇರಲಿಲ್ಲ!

ಸಾವಿರಕ್ಕಿಂತ ಕಡಿಮೆ ಜನರಿರುವ ಕಾರ್ಖಾನೆಯಲ್ಲಿ 7ನೇ ತಾರೀಖಿನೊಳಗೆ ಸಂಬಳವಾಗಬೇಕೆಂದು ಆಗ ಜಾರಿಯಲ್ಲಿದ್ದ 1936ರ ವೇತನ ಪಾವತಿ ಕಾಯ್ದೆ ಹೇಳುತ್ತಿತ್ತು. ನಮಗೆ 18 ಆಗುತ್ತಿತ್ತು, ಕೆಲವೊಮ್ಮೆ 22. ಅದನ್ನೂ ಸಹಿಸಿಕೊಂಡಿದ್ದೆ. ಒಂದು ರಾತ್ರಿ ಉಮಂಗ್ ಆಪ್‌ನಲ್ಲಿ ಪಿಎಫ್ ಪಾಸ್‌ಬುಕ್ ತೆರೆದು ನೋಡಿದರೆ ಏಳು ತಿಂಗಳಿಂದ ಒಂದು ರೂಪಾಯಿಯೂ ಜಮೆಯಾಗಿರಲಿಲ್ಲ. ಪೇಸ್ಲಿಪ್‌ನಲ್ಲಾದರೋ ಶೇ. 12 ತಪ್ಪದೆ ಕಡಿತವಾಗಿತ್ತು. ಕಂಪನಿಯ ಪಾಲನ್ನೂ ಸೇರಿಸಿ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕಾದ ಹಣ ಅದು. ಅಕೌಂಟ್ಸಿನವರು ‘ಸರ್ವರ್ ಪ್ರಾಬ್ಲಂ’ ಎಂದರು. ಆ ಮಾತನ್ನು ನಾನು ಎರಡು ತಿಂಗಳು ನಂಬಿದೆನೆಂದು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ. ಇನ್ಸರ್ಟ್ ತಡವಾದದ್ದನ್ನು ಅಸಡ್ಡೆಯೆಂದು ಬಿಟ್ಟುಬಿಡಬಹುದು. ನಮ್ಮ ಸಂಬಳದಲ್ಲಿ ಹಿಡಿದ ಹಣವನ್ನು ಕಟ್ಟದೆ ಉಳಿಸಿಕೊಂಡರೆ ಕಾನೂನು ಅದನ್ನು ನಂಬಿಕೆದ್ರೋಹವೆಂದೇ ಕರೆಯುತ್ತದೆ, ನಾನೂ ಹಾಗೆಯೇ ಕರೆಯುತ್ತೇನೆ.

ಪಿಎಫ್ ಇಲಾಖೆಯ ಪೋರ್ಟಲ್‌ನಲ್ಲಿ ದೂರು ಕೊಟ್ಟು ಕೆಲಸ ಬಿಟ್ಟೆ. ಹಣ ಕಂತುಕಂತಾಗಿ ಜಮೆಯಾಯಿತು. ಮೊನ್ನೆ ನನ್ನ ಜಾಗಕ್ಕೆ ಬಂದ ಹುಡುಗ ಫೋನ್ ಮಾಡಿದ್ದ: “ಅಣ್ಣಾ, ಇಂಡೆಂಟ್ ಮೇಲೆ ‘ಮಾತಾಡೋಣ’ ಅಂತ ಬರೆದವ್ರೆ. ಯಾರ ಹತ್ರ ಮಾತಾಡ್ಬೇಕು?”